ನಲವತ್ತೊಂದು ಫ್ಯಾನುಗಳು

ಸಾಯಬಣ್ಣನ ಕೋಣೆಯಿಂದ ಕಳಚಿ ತಂದ ಫ್ಯಾನು ಜಗದೇವಿಯ ಮೇಜಿನ ಮೇಲಿತ್ತು. ಅಂಗೈ ಅಗಲದ್ದು. ಏಳು ಎಸಳು, ಕೆಂಪೊಂದು ಕರಿದೊಂದು ಎರಡು ತಂತಿ. ಅವಳ ಅಜ್ಜನ ಕಾಲದಲ್ಲಿ ಇಂಥವು ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಧೂಳು ತಿನ್ನುತ್ತಿದ್ದವಂತೆ. ನಿಂತುಹೋದರೆ ಯಂತ್ರ ಬಿಸಿಯಾಗುತ್ತಿತ್ತು, ಅಷ್ಟೆ. ಈಗ ಇದು ನಿಂತದ್ದಕ್ಕೆ ಮೊನ್ನೆ ಬುಧವಾರ ಮಧ್ಯಾಹ್ನ ಇಪ್ಪತ್ತೆಂಟು ವರ್ಷದ ಗಂಡಸೊಬ್ಬ ಮಲಗಿದಲ್ಲೇ ಸತ್ತಿದ್ದ.

ಖಣಿ ಓಣಿ ಕಾಗಿಣಾ ನದಿಯ ದಂಡೆಯಲ್ಲಿತ್ತು. ನೆಲಕ್ಕೆ ಹಾಸುವ ಫರ್ಸಿಕಲ್ಲು ತೆಗೆದು ತೆಗೆದು ಆದ ಹಳೆಯ ಕಂದಕದ ಗೋಡೆಯಲ್ಲಿ ಸಾಲಾಗಿ ನಲವತ್ತೊಂದು ತಂಪುಕೋಣೆಗಳನ್ನು ಕೊರೆದಿದ್ದರು. ಯುಗಾದಿ ಕಳೆದ ಮೇಲೆ ಮುಂಗಾರು ಬೀಳುವ ತನಕ ಆ ಸೀಮೆಯ ಬಿಸಿಲು ಐವತ್ತು ಡಿಗ್ರಿ ದಾಟುತ್ತಿತ್ತು. ಕೆಲಸವೆಲ್ಲ ರಾತ್ರಿಗೆ ಹೋಗಿ ನಿದ್ದೆ ಹಗಲಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಕೂಗಿದೊಡನೆ ಎಲ್ಲರೂ ಒಳಗೆ ಹೋಗಿ ಅಗುಳಿ ಹಾಕಬೇಕು, ಸಂಜೆ ಐದರ ಸೈರನ್ನಿಗೆ ತೆಗೆಯಬೇಕು. ಕೋಣೆಯ ಗೋಡೆಯಲ್ಲಿ ಒಂದು ಮಣ್ಣಿನ ಕೊಳವೆ, ಅದರ ಸುತ್ತ ಒದ್ದೆ ಗೋಣಿ, ಅದರ ಬಾಯಿಗೆ ಈ ಫ್ಯಾನು. ಗಾಳಿ ಆಡುತ್ತಿದ್ದರೆ ಮೈಯ ಬೆವರು ಆರಿ ಜೀವ ಉಳಿಯುತ್ತದೆ. ಆಡದಿದ್ದರೆ ಅದೇ ಒದ್ದೆ ಗಾಳಿ ಮುಚ್ಚಿದ ಪಾತ್ರೆಯೊಳಗಿನ ಹಬೆಯಾಗುತ್ತದೆ.

ಕರೆಂಟು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಅಷ್ಟು ಬಿಸಿಲಿಗೆ ಸೌರಫಲಕಗಳೂ ಬಸವಳಿಯುತ್ತವೆ. ಇದ್ದದ್ದರಲ್ಲಿ ನೀರೆತ್ತುವ ಪಂಪು, ಆಸ್ಪತ್ರೆ, ಆಮೇಲೆ ಫ್ಯಾನುಗಳು. ಯಾವ ಫ್ಯಾನಿಗೆ ಯಾವ ಹೊತ್ತಿನಲ್ಲಿ ಎಷ್ಟು ಎಂಬುದನ್ನು ಕಲಬುರಗಿಯ ನಿಯಂತ್ರಣ ಕೋಣೆಯಲ್ಲಿದ್ದ ಒಂದು ಕಲಿಯುವ ಯಂತ್ರ ತೀರ್ಮಾನಿಸುತ್ತಿತ್ತು. ಜನ ಅದನ್ನು ‘ಹಂಚಿಕೆ’ ಎಂದು ಕರೆಯುತ್ತಿದ್ದರು. ಅದು ಅರ್ಧ ತಾಸು ಓಡಿಸಿ ಐದು ನಿಮಿಷ ನಿಲ್ಲಿಸುತ್ತಿತ್ತು. ಪ್ರತಿ ಫ್ಯಾನೂ ಕಡಿಮೆಯೆಂದರೆ ಎಷ್ಟರಲ್ಲಿ ತಿರುಗಬಲ್ಲದು ಎಂದು ನೋಡಿ ನೋಡಿ, ಅಷ್ಟನ್ನೇ ಕೊಡುತ್ತಿತ್ತು. ಖಣಿ ಓಣಿಗೆ ಈ ಬೇಸಿಗೆ ಅದು ಕೊಡುತ್ತಿದ್ದದ್ದು 3.1 ವೋಲ್ಟ್.

ಗುರುವಾರ, ಈ ಕೋಣೆಗಳ ಉಸ್ತುವಾರಿಯ ತಂಪು ಮಂಡಳಿಯಿಂದ ಇಬ್ಬರು ಬಂದು, ಸಾಯಬಣ್ಣನನ್ನು ಮಣ್ಣು ಮಾಡಿ ಬಂದ ಜನ ಇನ್ನೂ ಕೈಕಾಲು ತೊಳೆಯುತ್ತಿರುವಾಗಲೇ, ಕಾಗದದಲ್ಲಿ ‘ಅಡ್ಡಿ’ ಎಂಬ ಒಂದು ಪದ ಬರೆದುಕೊಂಡು ಹೋದರು. ಎಸಳಿಗೆ ಏನೋ ಅಡ್ಡ ಸಿಕ್ಕಿದೆ, ಮನೆಯವರ ತಪ್ಪು. ಇಲ್ಲವೆಂದರೆ ಹನ್ನೆರಡು ದಿನದ ಹಿಂದೆ ಅದನ್ನು ಬಿಚ್ಚಿ ಧೂಳು ತೆಗೆದವಳ ತಪ್ಪು. ಬಿಚ್ಚಿ ಧೂಳು ತೆಗೆದವಳು ಜಗದೇವಿ. ಓಣಿಯ ಫ್ಯಾನುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು.

ಶುಕ್ರವಾರ ಬೆಳಕು ಹರಿದಾಗಿನಿಂದ ಅವಳು ಅದರ ಮುಂದೆ ಕೂತಿದ್ದಳು. ಗುಂಡಿ ತಿರುಗಿಸಿದರೆ ವೋಲ್ಟು ಹೆಚ್ಚುಕಡಿಮೆ ಆಗುವ ಪುಟ್ಟ ಡಬ್ಬಿಗೆ ತಂತಿ ಸಿಕ್ಕಿಸಿದಳು. ಹನ್ನೆರಡರಲ್ಲಿ ಫ್ಯಾನು ಭೋರೆಂದಿತು. ನಿಧಾನಕ್ಕೆ ಇಳಿಸಿದಳು: ಒಂಬತ್ತು, ಆರು, ನಾಲ್ಕು. 3.1ರಲ್ಲಿ ತಣ್ಣಗೆ ತಿರುಗುತ್ತಲೇ ಇತ್ತು. 2.8ಕ್ಕೆ ಬಂದಾಗ ನಿಂತಿತು. ತಂತಿ ಸರಿ, ಬೆಸುಗೆ ಸರಿ, ಬೇರಿಂಗಿನಲ್ಲಿ ಕರಕರ ಇಲ್ಲ. ನಾಲ್ಕನೆಯ ಸಲ ಮಾಡಿದಳು. ನಾಲ್ಕನೆಯ ಸಲವೂ ಅದು ಯಾವ ತಪ್ಪನ್ನೂ ಒಪ್ಪಿಕೊಳ್ಳಲಿಲ್ಲ.

ಬಾಗಿಲಲ್ಲಿ ಭಾಗಮ್ಮ ಬಂದು ನಿಂತಿದ್ದಳು. ಸಾಯಬಣ್ಣನ ಹೆಂಡತಿ. ಎಂಟು ತಿಂಗಳ ಹೊಟ್ಟೆ. ಮಂಗಳವಾರ ಸಂಜೆ ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿಸಿಕೊಂಡು ಚಿತ್ತಾಪುರದ ತವರಿಗೆ ಹೋದವಳು ಬುಧವಾರ ರಾತ್ರಿಯೇ ತಿರುಗಿ ಬಂದಿದ್ದಳು. ಕೈಯಲ್ಲಿ ಹಸಿರು ಬಳೆ ಇರಲಿಲ್ಲ.

“ಏನಾರ ತಿಳೀತೇನಕ್ಕ?”

“ಇನ್ನೂ ಇಲ್ಲ ಭಾಗವ್ವ. ಬಾ, ಕೂಡು.”

“ಕೂಡಂಗಿಲ್ಲ. ಕೂತ್ರ ಎಬ್ಬಸ್ಲಾಕ ಒಬ್ರು ಬೇಕು.” ಭಾಗಮ್ಮ ಚೌಕಟ್ಟಿಗೆ ಒರಗಿದಳು. “ಅಡ್ಡಿ ಅಂತ ಬರಕೊಂಡು ಹೋದ್ರಲ್ಲ. ಅಂವ ಏನು ಅಡ್ಡ ಇಡ್ತಾನ? ರಾತ್ರಿಯೆಲ್ಲ ಕಲ್ಲು ಸೀಳಿ ಬಂದು ಬಿದ್ದ ಅಂದ್ರ ಸೈರನ್ ಕೂಗೋ ತನಾ ಕಣ್ಣ ತೆರ್ಯಾಂವಲ್ಲ.”

“ಫ್ಯಾನ ಚಲೋ ಅದ. ಅದೇ ತಿಳೀವಲ್ದು ನನಗ.”

“ನಿನ್ನ ಕೈಲೆ ಏನಾರ ತಪ್ಪಾಗಿದ್ರ ಹೇಳಿಬಿಡು. ನಾ ಬೈಯಂಗಿಲ್ಲ, ಓಣ್ಯಾಗ ಹೇಳಂಗೂ ಇಲ್ಲ. ಯಾಕ ಸತ್ತ ಅನ್ನೋದು ಗೊತ್ತಾದ್ರ ಸಾಕು.”

ಜಗದೇವಿ ಫ್ಯಾನನ್ನು ಮತ್ತೆ ಹನ್ನೆರಡಕ್ಕೆ ಹಾಕಿದಳು. ಆ ಸದ್ದಿನಲ್ಲಿ ಮಾತಾಡುವುದು ಬೇಡವಾಗಲಿ ಎಂದು. ಅವಳನ್ನು ಕಾಡುತ್ತಿದ್ದದ್ದು ತಪ್ಪು ತನ್ನದೇ ಇರಬಹುದು ಎಂಬುದೊಂದೇ ಅಲ್ಲ. ಇದೇ ಪೆಟ್ಟಿಗೆಯಿಂದ ಬಂದ, ಇದೇ ಕೈ ಕೂರಿಸಿದ ಇನ್ನೂ ನಲವತ್ತು ಫ್ಯಾನುಗಳಿದ್ದವು. ಯಾಕೆ ನಿಂತಿತೆಂದು ತಿಳಿಯದ ಹೊರತು ಮುಂದಿನದು ಯಾವುದು ಎಂದು ಹೇಳುವವರಿಲ್ಲ. ಹನ್ನೊಂದರ ಸೈರನ್ನಿಗೆ ಇನ್ನು ಒಂದೂವರೆ ತಾಸಿತ್ತು.

*

ಮಧ್ಯಾಹ್ನ ಅವಳಿಗೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಅತ್ತೆ ಚಂದಮ್ಮ ಫ್ಯಾನಿನ ಕಡೆಗೆ ತಲೆ ಮಾಡಿ ಮಲಗಿದ್ದಳು. ಆಚೆ ಗಂಡ ನಾಗಪ್ಪ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಹನ್ನೊಂದೂವರೆಗೆ ಫ್ಯಾನು ನಿಂತಿತು. ಅದು ಇಡೀ ಓಣಿಯ ಅಭ್ಯಾಸದ ಮೌನ. ಕೋಣೆಯ ಗಾಳಿ ನಿಧಾನವಾಗಿ ದಪ್ಪವಾಗುತ್ತ ಬಂತು. ಐದು ನಿಮಿಷಕ್ಕೆ ಗೋಡೆಯ ಹಸಿರು ದೀಪ ಹೊತ್ತಿ, ಕರೆಂಟು ಬಂದ ಗುರುತು ತೋರಿಸಿತು. ಫ್ಯಾನು ಸಣ್ಣಗೆ ನಡುಗಿತು. ಎಸಳುಗಳು ಕೂದಲೆಳೆಯಷ್ಟು ಮುಂದೆ ಹೋಗಿ, ಮತ್ತೆ ಅಷ್ಟೇ ಹಿಂದೆ ಬಂದವು.

ಆಗ ಚಂದಮ್ಮನ ಕೈ ಎದ್ದಿತು. ಕಣ್ಣು ಮುಚ್ಚಿಯೇ ಇತ್ತು. ಬೆರಳ ನಡುವೆ ಕಸಬರಿಗೆಯ ಒಂದು ಕಡ್ಡಿ. ಅದು ಜಾಲರಿಯೊಳಗೆ ತೂರಿ, ಒಂದು ಎಸಳನ್ನು ಮೆಲ್ಲಗೆ ತಳ್ಳಿತು. ಫ್ಯಾನು ತಿರುಗತೊಡಗಿತು. ಕೈ ತಿರುಗಿ ಎದೆಯ ಮೇಲೆ ಹೋಗಿ ಮಲಗಿತು.

ಜಗದೇವಿ ಎದ್ದು ಕೂತಳು.

“ಅತ್ತಿ, ಏನ್ ಮಾಡಿದ್ರಿ ಈಗ?”

“ಏನ್ ಮಾಡ್ದೆ? ಮಲಗೀನಲ್ಲ.”

“ಕೈಯಾಗೇನದ?”

ಚಂದಮ್ಮ ಕಣ್ಣು ತೆರೆದು ತನ್ನ ಕೈಯನ್ನೇ ಬೇರೆಯವರದ್ದೆಂಬಂತೆ ನೋಡಿದಳು. “ಕಡ್ಡಿ. ಮತ್ತ ಯಾರು ತಿರುವಬೇಕು ಅದನ್ನ, ನಿಮ್ಮಪ್ಪ ಬರ್ತಾನೇನು?”

“ದಿನಾ ತಿರುವ್ತೀರೇನು? ಪ್ರತಿ ಸಲನೂ?”

“ಸುಮ್ಕಾದ್ರ ಎಚ್ಚರ ಆಗ್ತದ, ತಿರುವ್ತೀನಿ, ಮಲಗ್ತೀನಿ. ನೀನೂ ತಿರುವ್ತಿ, ನಾ ನೋಡೀನಿ. ಹೊಸದೇನದ ಇದ್ರಾಗ?”

ನಾಗಪ್ಪ ಹೊರಳಿದ. “ಏನ್ ಗದ್ದಲ? ಏನ್ ಕಡ್ಡಿ?”

“ಮೂರು ವರ್ಷ ಇದೇ ಕೋಣ್ಯಾಗ ಮಲಗಿ ಕಡ್ಡಿ ಅಂದ್ರೇನಂತ ಕೇಳ್ತಾನ ನೋಡು ನನ್ನ ಮಗ,” ಎಂದಳು ಚಂದಮ್ಮ. “ನೀ ಗೊರಕಿ ಹೊಡಿ.”

ಜಗದೇವಿ ತನ್ನ ಚೀಲದಿಂದ ಡಬ್ಬಿಯನ್ನೂ ಸಾಯಬಣ್ಣನ ಫ್ಯಾನನ್ನೂ ಹೊರತೆಗೆದಳು. ಬೆಳಿಗ್ಗೆ ನಾಲ್ಕು ಸಲವೂ ಅವಳು ಮೇಲಿನಿಂದ ಇಳಿಸುತ್ತ ನೋಡಿದ್ದಳು. ಈಗ ಸೊನ್ನೆಯಿಂದ ಏರಿಸಿದಳು. 2.8ರಲ್ಲಿ ಏನೂ ಇಲ್ಲ. 3.1ರಲ್ಲಿ ನಡುಗಿತು, ಹೊರಡಲಿಲ್ಲ. ಮೂರೂವರೆಗೂ ಇಲ್ಲ, ನಾಲ್ಕಕ್ಕೂ ಇಲ್ಲ. 4.5ಕ್ಕೆ ಬಂದಾಗ ತಟ್ಟನೆ ಹೊರಟಿತು. ಒಮ್ಮೆ ಹೊರಟ ಮೇಲೆ ಮತ್ತೆ 3.1ಕ್ಕೆ ಇಳಿಸಿದರೂ ಓಡುತ್ತಲೇ ಇತ್ತು. ಓಡುವುದಕ್ಕೆ ಬೇಕಾದದ್ದು ಕಡಿಮೆ. ನಿಂತಲ್ಲಿಂದ ಹೊರಡುವುದಕ್ಕೆ ಬೇಕಾದದ್ದು ಹೆಚ್ಚು. ಆ ಹೆಚ್ಚನ್ನು ಇಷ್ಟು ದಿನ ಓಣಿಯ ಹೆಂಗಸರ ಕೈಗಳು ಕೊಡುತ್ತಿದ್ದವು. ಬುಧವಾರ ಸಾಯಬಣ್ಣನ ಕೋಣೆಯಲ್ಲಿ ಆ ಕೈ ಇರಲಿಲ್ಲ. ಅದು ಚಿತ್ತಾಪುರದಲ್ಲಿತ್ತು.

ಅವಳಿಗೆ ಆಗ ನೆನಪಾದದ್ದು ಮೂರು ವರ್ಷದ ಹಿಂದಿನ ಒಂದು ಬೆಳಗು. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಹುಲಗವ್ವನ ಮನೆಯ ಫ್ಯಾನು ಕಲ್ಲಿನ ಧೂಳಿಗೆ ಹೊರಡದೆ ನಡುಗುತ್ತಿತ್ತು. ಬಿಚ್ಚುವಷ್ಟು ಹೊತ್ತಿರಲಿಲ್ಲ. ಮೂಲೆಯ ಕಸಬರಿಗೆಯಿಂದ ಕಡ್ಡಿ ಕಿತ್ತು, ಜಾಲರಿಯಲ್ಲಿ ತೂರಿಸಿ, “ಹಿಂಗ ಒಂದೀಟು ಮುಟ್ಟಿದ್ರ ಸಾಕು ನೋಡ್ರಿ” ಎಂದಿದ್ದಳು. ಹುಲಗವ್ವ ಪಕ್ಕದ ಮನೆಯವಳಿಗೆ ಹೇಳಿದಳು, ಅವಳು ಅದರಾಚೆಯವಳಿಗೆ. ಮೊಸರಿಗೆ ಹೆಪ್ಪು ಒಯ್ದಂತೆ ಅದು ಮನೆಯಿಂದ ಮನೆಗೆ ಹೋಯಿತು. ಬರಬರುತ್ತ ಎಲ್ಲ ಫ್ಯಾನುಗಳ ಪಕ್ಕ ಒಂದು ಕಡ್ಡಿ ಸಿಕ್ಕಿಸಿರುತ್ತಿತ್ತು; ಕೆಲವು ಮನೆಗಳಲ್ಲಿ ಅದರ ತುದಿಗೆ ಅರಿಸಿನ. ದಿನಾ ಆ ಮನೆಗಳಿಗೆ ಹೋಗುವ ಜಗದೇವಿಯ ಕಣ್ಣಿಗೆ ಅದು ಬಿದ್ದಿತ್ತು. ತಾನೂ ಮನೆಯಲ್ಲಿ ಅದನ್ನೇ ಮಾಡುತ್ತಿದ್ದಳು. ಅದು ಫ್ಯಾನಿಗೆ ಸಂಬಂಧಿಸಿದ ಸಂಗತಿ ಎಂದು ಒಂದು ದಿನವೂ ಅನಿಸಿರಲಿಲ್ಲ.

*

ಸಂಜೆ ಐದಕ್ಕೆ ಅಗುಳಿ ತೆಗೆದವಳೇ ರೈಲು ಹಿಡಿದು ಕಲಬುರಗಿಗೆ ಹೋದಳು.

ನಿಯಂತ್ರಣ ಕೋಣೆಯಲ್ಲಿ ಮೌಲಾಲಿ ಒಬ್ಬನೇ ಇದ್ದ. ಐವತ್ತು ದಾಟಿದ, ಸದಾ ಮಫ್ಲರು ಸುತ್ತಿಕೊಂಡಿರುವ ಮನುಷ್ಯ. ಯಂತ್ರಗಳಿಗಾಗಿ ಆ ಕೋಣೆಯನ್ನು ಜಿಲ್ಲೆಯ ಯಾವ ಜಾಗವೂ ಇರದಷ್ಟು ತಣ್ಣಗೆ ಇಟ್ಟಿದ್ದರು. ಗೋಡೆಯ ತುಂಬ ಪರದೆ, ಪರದೆಯ ತುಂಬ ಸಾವಿರಾರು ಹಸಿರು ಚುಕ್ಕಿ. ಒಂದೊಂದು ಚುಕ್ಕಿ ಒಂದೊಂದು ಫ್ಯಾನು.

ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಖಣಿ ಓಣಿಯ ಲೆಕ್ಕ ತೆರೆದ.

“ಇದು ಸಾಯಬಣ್ಣನ ಮನಿ. ನೋಡ್ರಿ ಅಕ್ಕಾರ, 3.1ರಾಗ ಈ ಬ್ಯಾಸಿಗಿ ಐದುನೂರ ನಾಲ್ಕು ಸಲ ಹೊಂಟದ. ಒಂದ್ ಸಲನೂ ತಪ್ಪಿಲ್ಲ. ಬುಧವಾರ ಒಂದೇ ದಿನ ತಪ್ಪದ. ಅದಕ್ಕ ಅಡ್ಡಿ ಅಂದದ ಇದು. ನಾನಿದ್ರೂ ಹಂಗೇ ಅಂತಿದ್ದೆ.”

“ಐದುನೂರ ನಾಲ್ಕು ಸಲನೂ ಭಾಗಮ್ಮ ತಿರುವ್ಯಾಳಣ್ಣ.”

ಮೌಲಾಲಿ ಮೊದಲ ವರ್ಷದ ಗೆರೆಯನ್ನು ಎಳೆದು ತೋರಿಸಿದ. ಆಗ ಹಂಚಿಕೆ ಪ್ರತಿ ಸಲವೂ ಫ್ಯಾನಿಗೆ ಒಂದು ಕ್ಷಣ ಪೂರ್ತಿ ಹನ್ನೆರಡು ವೋಲ್ಟು ಕೊಟ್ಟು ತಳ್ಳಿ, ತಿರುಗಿದ ಮೇಲೆ ಇಳಿಸುತ್ತಿತ್ತು. ಕಟ್ಟಿದವರು ಅದನ್ನು ಬುದ್ಧಿವಂತಿಕೆಯಿಂದಲೇ ಕಟ್ಟಿದ್ದರು. ಆ ವರ್ಷದ ಒಂದು ವಾರ ಹಂಚಿಕೆ ಒಂದು ಮನೆಯಲ್ಲಿ ತಳ್ಳದೆ ನೋಡಿತ್ತು, ಫ್ಯಾನು ಹೊರಟಿತ್ತು. ಮರುವಾರ ಐದು ಮನೆಗಳಲ್ಲಿ. ತಿಂಗಳೊಳಗೆ ಖಣಿ ಓಣಿಗೆ ತಳ್ಳುವ ಅಗತ್ಯವೇ ಇಲ್ಲ ಎಂದು ಕಲಿತು, ಆ ಕರೆಂಟನ್ನು ಪಂಪಿಗೆ ಕಳಿಸಿತ್ತು. ಆಮೇಲೆ ಹೊರಡುವ ವೋಲ್ಟನ್ನೇ ಇಳಿಸುತ್ತ ಬಂದಿತ್ತು. ಅದು ಇಳಿಸಿದಷ್ಟೂ ಹೆಂಗಸರು ಕಡ್ಡಿ ಹಿಡಿದಿದ್ದರು. ಹೆಂಗಸರು ಹಿಡಿದಷ್ಟೂ ಅದು ಇಳಿಸಿತ್ತು.

“ಏರಿಸಿಬಿಡ್ರಿ ಅಣ್ಣ. ಈ ರಾತ್ರಿನೇ.”

“ಏನ್ ಹಿಡದು ಏರಸ್ಲಿ?” ಮೌಲಾಲಿ ಎರಡೂ ಕೈ ಎತ್ತಿ ತೋರಿಸಿದ. ಮೇಜಿನ ಮೇಲೆ ಒಂದು ಗುಂಡಿಯೂ ಇರಲಿಲ್ಲ. “ಮೊದ್ಲು ಇದ್ದವು. ದೊಡ್ಡ ಮಂದಿ ಓಣಿಗೆ ಹನ್ನೆರಡು, ನಿಮ್ಮಂಥಾ ಓಣಿಗೆ ಎರಡು ಅಂತ ತಿರುವಿದ್ರು. ಮಂದಿ ಸತ್ರು. ಅದಕ್ಕ ಮನುಷ್ಯಾರ ಕೈನೇ ಬ್ಯಾಡ ಅಂತ ಕಿತ್ತು ಒಗದ್ರು. ನೋಡೋದಷ್ಟೇ ಈಗ ನನ್ನ ಕೆಲಸ.”

“ಮಂಡಳಿಗೆ ಬರದ್ರ?”

“ಬರೀರಿ. ಓದಿ, ಕಮಿಟಿ ಮಾಡಿ, ನೋಡೋದ್ರಾಗ ಮಳಿ ಬರ್ತದ. ಮ್ಯಾಲ, ಫ್ಯಾನಿಗೆ ಕೈ ಹಚ್ಚಿದ್ರ ಕೋಣಿ ರದ್ದು ಅಂತ ನಿಯಮ ಅದ. ನಲವತ್ತೊಂದು ಮನಿ ರದ್ದು ಮಾಡಿಸ್ತೀರೇನು?” ಅವನು ಮಫ್ಲರನ್ನು ಬಿಗಿದುಕೊಂಡ. “ಇದಕ್ಕ ಸುಳ್ಳು ಹೇಳ್ಲಾಕ ಬರಂಗಿಲ್ರಿ ಅಕ್ಕಾರ. ನೀವು ಹೇಳಿದ್ದನ್ನ ನಂಬಿತು, ಅಷ್ಟೇ. ಈಗ ಖರೇ ಹೇಳ್ರಿ, ಅದನ್ನೂ ನಂಬ್ತದ.”

ಆಮೇಲೆ ಅವನು ಹಂಚಿಕೆಯ ಒಂದು ರೀತಿಯನ್ನು ವಿವರಿಸಿದ. ಫ್ಯಾನು ಹೊರಡದಿದ್ದರೆ ಎರಡೆರಡು ನಿಮಿಷ ಬಿಟ್ಟು ಅದು ಮೂರು ಸಲ ನೋಡುತ್ತದೆ. ಮೂರೂ ಸಲ ಹೊರಡದಿದ್ದರೆ ನೆರೆಯ ಮನೆಗಳನ್ನು ನೋಡುತ್ತದೆ. ಅಲ್ಲೆಲ್ಲ ತಿರುಗುತ್ತಿದ್ದರೆ ಇದು ಈ ಮನೆಯ ದೋಷ; ಮೋಟಾರು ಸುಡಬಾರದೆಂದು ಸಂಜೆ ಐದರ ತನಕ ಕರೆಂಟು ಕಡಿಯುತ್ತದೆ. ಸಾಯಬಣ್ಣನಿಗೆ ಆದದ್ದು ಅದು. ಆದರೆ ಹತ್ತರಲ್ಲಿ ಒಂಬತ್ತು ಮನೆಗಳು ಒಟ್ಟಿಗೆ ನಿಂತರೆ, ದೋಷ ತನ್ನದೇ ಎಂದು ಒಪ್ಪಿ, ಹೊರಡುವ ತನಕ ಏರಿಸುತ್ತ ಹೋಗುತ್ತದೆ. ಈ ಪಾಠ ಕಲಿಸಲು ಮಧ್ಯಾಹ್ನವೇ ಆಗಬೇಕು. ಕರೆಂಟು ಬಿಗಿಯಾಗಿರುವುದು ಆಗಲೇ. ಮತ್ತು ಕೋಣೆಯೊಳಗೆ ಜನರಿರಬೇಕು. ಮೈಯ ಬಿಸಿ ಕಾಣದ ಕೋಣೆಗೆ ಅದು ಪಾಲನ್ನೇ ಕೊಡುವುದಿಲ್ಲ.

“ನಲವತ್ತೊಂದರಾಗ ಮೂವತ್ತೇಳು,” ಎಂದ ಮೌಲಾಲಿ. “ಮೂವತ್ತಾರು ಆತು ಅಂದ್ರ, ತಡದು ಕೂತ ಆ ಮೂವತ್ತಾರೂ ಮನಿಗೆ ಕಡೀತದ. ಸಂಜಿ ತನಾ.”

*

ಶನಿವಾರ ಬೆಳಗಿನ ಆರಕ್ಕೆ, ಗಂಡಸರು ಖಣಿ ಕೆಲಸ ಮುಗಿಸಿ ಬರುವ ಹೊತ್ತಿಗೆ, ಜಗದೇವಿ ಓಣಿಯವರನ್ನೆಲ್ಲ ನೀರಿನ ತೊಟ್ಟಿಯ ಹತ್ತಿರ ಸೇರಿಸಿದಳು. ಹುಲಗವ್ವನ ಮನೆಯಲ್ಲಿ ತಾನು ಕಡ್ಡಿ ಕಿತ್ತದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಹೇಳುವಾಗ ಭಾಗಮ್ಮನ ಕಡೆ ನೋಡಲಿಲ್ಲ.

ಮೊದಲು ಸಿಟ್ಟಾದವರು ಗಂಡಸರು. “ಮೂರ್ ವರ್ಷ ನಮಗ್ಯಾಕ ಒಂದ್ ಮಾತು ಹೇಳಿಲ್ಲ?” ಎಂದ ನಾಗಪ್ಪ.

“ಪಲ್ಯಾಕ ಉಪ್ಪು ಹಾಕೀವಿ ಅಂತ ಹೇಳ್ತೀವೇನು ನಿಮಗ?” ಹುಲಗವ್ವ ತಿರುಗಿಬಿದ್ದಳು. “ಉಪ್ಪಿಲ್ಲದ ದಿನ ಅಷ್ಟೇ ನಿಮಗ ತಿಳಿಯೋದು.” ಆಮೇಲೆ ಜಗದೇವಿಯ ಕಡೆ ತಿರುಗಿ, “ನೀನೇ ತಿರುವಂದಿ, ತಿರುವಿದಿವಿ. ಈಗ ಕೈ ಕಟ್ಟಿ ಕೂಡ್ರಿ ಅಂತಿ. ನಾಳಿಗಿ ಇನ್ನೇನಂತಿ?”

“ನಾ ತಪ್ಪು ಮಾಡೀನಿ ಹುಲಗವ್ವ,” ಎಂದಳು ಜಗದೇವಿ.

“ನಾ ತವರಿಗೆ ಹೋಗಾಗ ಅಂವಗ ಎಲ್ಲಾ ಹೇಳಿದ್ದೆ.” ಮಾತಾಡಿದ್ದು ಭಾಗಮ್ಮ. “ರೊಟ್ಟಿ ಎಲ್ಲಿ ಕಟ್ಟಿಟ್ಟೀನಿ, ಗೋಣಿಗೆ ಎಷ್ಟೊತ್ತಿಗೆ ನೀರು ಹಾಕಬೇಕು, ಹಾಲಿನಾಕಿಗೆ ಏನ್ ಹೇಳಬೇಕು, ಎಲ್ಲಾ. ಕಡ್ಡಿದೊಂದು ಹೇಳ್ಲಿಲ್ಲ. ಅದು ಹೇಳೋ ಮಾತು ಅಂತ ಅನ್ನಿಸ್ಲೇ ಇಲ್ಲ ನನಗ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. “ಕೂಡ್ರಿ ಎಲ್ಲಾರೂ. ಇಲ್ಲಾಂದ್ರ ಯಾರ ಮನ್ಯಾಗರ ಮತ್ತೊಬ್ಬಾಕಿ ತವರಿಗೆ ಹೋಗ್ತಾಳ.”

ಆಮೇಲೆ ಮಾತು ಹೇಗೆ ಎಂಬುದರ ಕಡೆ ತಿರುಗಿತು. ನಾಲ್ಕು ಮನೆಗಳಿಗೆ ಮಾತ್ರ ಕಡ್ಡಿ ಆಡಿಸುವ ಅವಕಾಶವಿತ್ತು. ದೊಡ್ಡ ಕೋಣೆಯ ನಾಲ್ಕು ಮನೆಗಳನ್ನು ಆರಿಸಿ, ಹಸುಗೂಸುಗಳನ್ನೂ ದಮ್ಮಿನವರನ್ನೂ ಜ್ವರದವರನ್ನೂ ಅಲ್ಲಿಗೆ ಕಳಿಸುವುದೆಂದಾಯಿತು. ಉಳಿದ ಮೂವತ್ತೇಳರಲ್ಲಿ ಒಂದು ಕೈಯೂ ಏಳಕೂಡದು. ಹಸುಗೂಸಿನ ಸಾಲಿನಲ್ಲಿ ಭಾಗಮ್ಮನ ಹೆಸರು ಬಂದಾಗ ಅವಳು ತಲೆ ಅಲ್ಲಾಡಿಸಿದಳು.

“ನಮ್ಮ ಕೋಣಿ ಫ್ಯಾನ ಮೂವತ್ತೇಳರಾಗ ಬರ್ತದೋ ಇಲ್ಲೋ?”

“ಬರ್ತದ. ಅಲ್ಲಿ ನಾ ಕೂಡ್ತೀನಿ,” ಎಂದಳು ಜಗದೇವಿ. “ನಿನ್ನ ಹೊಟ್ಟ್ಯಾಗಿಂದು—”

“ನನ್ನ ಹೊಟ್ಟ್ಯಾಗಿಂದು ನನಗ ಬಿಡು. ನಾನೂ ಬರ್ತೀನಿ. ಅಂವ ಏನ್ ಕಂಡ ಅಂತ ನೋಡಬೇಕು.”

ಹತ್ತೂವರೆಗೆ ಜಗದೇವಿ ಸಾಯಬಣ್ಣನ ಫ್ಯಾನನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಲು ಹೊರಟಾಗ ಚಂದಮ್ಮ ಮಗನನ್ನು ಕರೆಯುತ್ತಿದ್ದಳು. “ನಾಗ್ಯಾ, ನನ್ನ ಕೈ ನಿದ್ದ್ಯಾಗ ತಾನೇ ಹೋಗ್ತದ. ಇಲ್ಲಿ ಬಂದು ಹಿಡಕೊಂಡು ಕೂಡು. ಬಿಡಬ್ಯಾಡ.” ನಾಗಪ್ಪ ನಾಚುತ್ತ ಬಂದು ತಾಯಿಯ ಎರಡೂ ಕೈ ಹಿಡಿದು ಕೂತ. “ಎಂಟು ವರ್ಷದಾಂವ ಇದ್ದಾಗ ಹಿಡದಿದ್ದಿ. ಆಮ್ಯಾಲ ಈಗೇ,” ಎಂದಳು ಚಂದಮ್ಮ.

*

ಸಾಯಬಣ್ಣನ ಕೋಣೆಯಲ್ಲಿ ಅವನ ಹಾಸಿಗೆ ಸುತ್ತಿ ಮೂಲೆಗಿಟ್ಟಿತ್ತು. ಜಗದೇವಿ ಅಗುಳಿ ಹಾಕಿದಳು. ಇಬ್ಬರೂ ಫ್ಯಾನಿಗೆ ಎದುರಾಗಿ ನೆಲದ ಮೇಲೆ ಕೂತರು. ಹನ್ನೊಂದಕ್ಕೆ, ಇನ್ನೂ ಕರೆಂಟು ಧಾರಾಳವಿದ್ದಾಗ, ಫ್ಯಾನು ತಾನಾಗಿ ಹೊರಟಿತು. ದಿನದ ಮೊದಲ ಓಟ ಹೀಗೆ ಸಲೀಸಾಗಿರುತ್ತಿತ್ತು. ಅದನ್ನು ನೋಡಿಯೇ ಸಾಯಬಣ್ಣ ನೆಮ್ಮದಿಯಿಂದ ಮಲಗಿದ್ದಿರಬೇಕು.

ಹನ್ನೊಂದೂವರೆಗೆ ನಿಂತಿತು. ಹನ್ನೊಂದು ಮೂವತ್ತೈದಕ್ಕೆ ಹಸಿರು ದೀಪ ಹೊತ್ತಿತು.

ಎಸಳುಗಳು ನಡುಗಿದವು. ಕೂದಲೆಳೆಯಷ್ಟು ಮುಂದೆ, ಅಷ್ಟೇ ಹಿಂದೆ. ನಿಂತವು.

ಭಾಗಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎರಡು ನಿಮಿಷ ಇಷ್ಟು ಉದ್ದವಿರುತ್ತದೆಂದು ಜಗದೇವಿಗೆ ಗೊತ್ತಿರಲಿಲ್ಲ. ಕುತ್ತಿಗೆಯಿಂದ ಬೆವರು ಇಳಿದು ಬೆನ್ನಿನಲ್ಲಿ ನಿಂತಿತು, ಆರಲಿಲ್ಲ. ಎರಡನೆಯ ಸಲವೂ ಅಷ್ಟೇ ನಡುಕ. ಓಣಿಯ ಯಾವ ಕಡೆಯಿಂದಲೂ ಸದ್ದಿಲ್ಲ. ಮೂವತ್ತೇಳು ಕೋಣೆಗಳಲ್ಲಿ ಜನ ಎಚ್ಚರವಾಗಿ, ಕೈ ಮಡಿಲಲ್ಲಿಟ್ಟುಕೊಂಡು, ಒಂದು ಅಂಗೈ ಅಗಲದ ವಸ್ತುವನ್ನು ನೋಡುತ್ತ ಕೂತಿದ್ದಾರೆ. ಅಥವಾ ಯಾರೋ ಒಬ್ಬಳು ಈಗಾಗಲೇ ಸೋತಿದ್ದಾಳೆ. ಗೋಡೆಯ ಆಚೆಯದು ತಿಳಿಯುವಂತಿರಲಿಲ್ಲ.

“ಅಂವಗೂ ಇಷ್ಟೇ ಆಗಿತ್ತೇನು?” ಭಾಗಮ್ಮ ಪಿಸುಗುಟ್ಟಿದಳು.

“ಇಷ್ಟೇ. ಮೂರು ಸಲ. ಆಮ್ಯಾಲ ದೀಪ ಆರಿತ್ತು.”

“ಎದ್ದಿದ್ರ ಕಾಣ್ತಿತ್ತು.”

“ಕಾಣ್ತಿತ್ತು.”

ಮೂರನೆಯ ಸಲ ಫ್ಯಾನು ನಡುಗಿತು. ಭಾಗಮ್ಮ ಒಂದು ಕೈಯಿಂದ ಹೊಟ್ಟೆಯನ್ನು ಒತ್ತಿಕೊಂಡು ಬಾಯಿ ತೆರೆದು ಉಸಿರಾಡುತ್ತಿದ್ದಳು, ಮುಖ ಕೆಂಪಾಗಿತ್ತು. ಎಸಳೊಂದು ಈ ಸಲ ತುಸು ಹೆಚ್ಚೇ ಮುಂದೆ ಬಂದು, ಹೊರಡುವುದೋ ಬೇಡವೋ ಎಂಬಂತೆ ತಡೆದು ನಿಂತಿತು. ಒಂದೇ ಒಂದು ಬೆರಳು ಸಾಕಿತ್ತು.

ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದಾಗಲೇ ತನ್ನ ಕೈ ಜಾಲರಿಯ ತನಕ ಹೋಗಿದೆಯೆಂದು ಜಗದೇವಿಗೆ ತಿಳಿದದ್ದು. ಹಿಡಿದವಳು ಭಾಗಮ್ಮ.

“ಬ್ಯಾಡಕ್ಕ,” ಎಂದಳು. “ಬ್ಯಾಡ.”

ಎಸಳು ಹಿಂದೆ ಸರಿದು ನಿಂತಿತು. ಈಗ ನೆರೆಯ ಮನೆಗಳನ್ನು ನೋಡುವ ಹೊತ್ತು. ಇಬ್ಬರೂ ದೀಪವನ್ನೇ ನೋಡುತ್ತಿದ್ದರು. ಅದು ಆರಿದರೆ ಓಣಿಯ ಮುಕ್ಕಾಲು ಜನ ಐವತ್ತೊಂದು ಡಿಗ್ರಿಯ ಬಿಸಿಲಿಗೆ ಬಾಗಿಲು ತೆರೆದು, ಆ ನಾಲ್ಕು ಕೋಣೆಗಳ ಕಡೆ ಓಡಬೇಕಿತ್ತು. ಅಷ್ಟರಲ್ಲಿ ಎಲ್ಲರೂ ಹಿಡಿಸುವಂತಿರಲಿಲ್ಲ. ಭಾಗಮ್ಮ ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ. ದೀಪ ಉರಿಯುತ್ತಿತ್ತು. ಎರಡು ನಿಮಿಷ ಕಳೆದರೂ ಉರಿಯುತ್ತಿತ್ತು.

ನಾಲ್ಕನೆಯ ಸಲ ನಡುಕದ ಸದ್ದು ಬೇರೆಯಾಗಿತ್ತು. ತುಸು ಗಡುಸು. ಜಗದೇವಿಯ ಕಿವಿ ಅದನ್ನು ಗುರುತಿಸಿತು. “ಏರಸ್ಲಾಕತ್ತದ,” ಎಂದಳು. ಐದನೆಯದು. ಆರನೆಯದು. ಏಳನೆಯ ಸಲ ಎಸಳು ಕಾಲು ಸುತ್ತು ಹೋಗಿ ಬಿತ್ತು. ಭಾಗಮ್ಮನ ತಲೆ ಜಗದೇವಿಯ ಹೆಗಲಿಗೆ ಒರಗಿತ್ತು, ಕಣ್ಣು ಮಾತ್ರ ಫ್ಯಾನಿನ ಮೇಲಿತ್ತು.

ಎಂಟನೆಯ ಸಲ ಅದು ಹೊರಟಿತು. ಯಾರೂ ಮುಟ್ಟದೆ, ತಡವರಿಸದೆ, ನಿನ್ನೆ ಮೊನ್ನೆಯೆಲ್ಲ ಹೀಗೇ ಹೊರಡುತ್ತಿದ್ದೆನಲ್ಲ ಎಂಬಂತೆ. ತಣ್ಣನೆಯ ಗಾಳಿ ಇಬ್ಬರ ಮುಖಕ್ಕೂ ಬಡಿಯಿತು. ಎಡಗಡೆಯ ಗೋಡೆಯ ಆಚೆ ಇನ್ನೊಂದು ಫ್ಯಾನಿನ ಸದ್ದು, ಅದರಾಚೆ ಮತ್ತೊಂದು. ಕಂದಕದ ಉದ್ದಕ್ಕೂ ಕಲ್ಲಿನೊಳಗಿನಿಂದ ಸಣ್ಣ ಗುಂಯ್‌ಗುಡುವಿಕೆ ಎದ್ದಿತು. ಎಲ್ಲೋ ಹುಲಗವ್ವ ಯಾರಿಗೋ ಗಟ್ಟಿಯಾಗಿ ಬೈಯುತ್ತಿದ್ದಳು, ಅಳುತ್ತಲೂ ಇದ್ದಿರಬಹುದು.

ಭಾಗಮ್ಮ ನೀರು ಕುಡಿದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನದು ಅಲುಗುವ ತನಕ ಕಾಯ್ದಳು.

“ಎಷ್ಟೊತ್ತಾತಕ್ಕ?”

ಜಗದೇವಿ ಗಡಿಯಾರ ನೋಡಿದಳು. “ಹದಿನಾಕ ನಿಮಿಷ.”

“ಹದಿನಾಕ ನಿಮಿಷ.” ಭಾಗಮ್ಮ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುವವಳಂತೆ ಹೇಳಿದಳು. “ಮೂರು ವರ್ಷದಾಗ ಒಂದಿನಾನೂ ನಾವು ಅಷ್ಟೊತ್ತು ತಡೀಲಿಲ್ಲ.”

ಹನ್ನೆರಡೂ ಇಪ್ಪತ್ತಕ್ಕೆ ಅದು ಮತ್ತೆ ನಿಲ್ಲುವುದಿತ್ತು, ಐದು ನಿಮಿಷ ಬಿಟ್ಟು ಮತ್ತೆ ಹೊರಡುವುದಿತ್ತು. ಹೊರಟಾಗ ನೋಡಬೇಕೆಂದು ಇಬ್ಬರೂ ಮಲಗದೆ ಕೂತರು.